ಮಣ್ಣು ಹಾಕದ ಸೂರಾಖ್

ಬಂದರ್ ಅಬ್ಬಾಸಿನಿಂದ ದೋಣಿ ಬಂದು ಹೊರ್ಮುಜ್ ದ್ವೀಪದ ದಕ್ಕೆಗೆ ತಾಗಿದೊಡನೆ ಮೂರು ಗಾಲಿಯ ಮೋಟಾರು ಬಂಡಿಗಳವರೆಲ್ಲ ಮುಂದೆ ನುಗ್ಗಿ ಕೋಟೆ, ಉಪ್ಪಿನ ಗುಡ್ಡ, ಕೆಂಪು ತೀರ ಎಂದು ಕೂಗುತ್ತಿದ್ದರು. ಸಫೂರಾ ಕೂಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅವಳು ತನ್ನ ಕೆಂಪು ಬಂಡಿಗೆ ಒರಗಿ ನಿಂತು, ಇಳಿದು ಬಂದವರ ಮುಖ ನೋಡಿ, ಒಂದೇ ಮಾತು ಕೇಳುತ್ತಿದ್ದಳು: ಕೊನೆಯ ಸಲ ಏನಾದರೂ ತಿಂದದ್ದು ಯಾವಾಗ? ಅವರು ಕೊಟ್ಟ ಉತ್ತರದ ಮೇಲೆ ಆ ದಿನದ ದಾರಿ ತೀರ್ಮಾನವಾಗುತ್ತಿತ್ತು. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ, ಕಾವಲಿಯ ಮೇಲಿನ ರೊಟ್ಟಿ ಮುಗಿದುಹೋಗುತ್ತದೆ ಎನ್ನುವುದು ಅವಳ ವಾದ.

ಅವಳ ದಾರಿಗೆ ಒಂದು ಕ್ರಮವಿತ್ತು. ಬೆಳಿಗ್ಗೆ ದಕ್ಕೆಯ ಪಕ್ಕದಲ್ಲೇ ಬೀಬಿ ಹವ್ವಾಳ ರೊಟ್ಟಿ. ಮುಖಕ್ಕೆ ಹಳೆಯ ಕಾಲದ ಕೆಂಪು ಮುಸುಕು ಕಟ್ಟಿಕೊಂಡ ಆ ಮುದುಕಿ ಹಿಟ್ಟನ್ನು ಅಂಗೈಯಿಂದಲೇ ಕಾವಲಿಯ ಮೇಲೆ ತೆಳ್ಳಗೆ ಬಳಿದು ತೊಮ್‌ಶಿ ಮಾಡುತ್ತಿದ್ದಳು. ಒಂಬತ್ತೂವರೆಗೆ ಹಿಟ್ಟು ಮುಗಿದರೆ ಯಾವ ಅಧಿಕಾರಿ ಬಂದರೂ ಮತ್ತೆ ಕಲಸುತ್ತಿರಲಿಲ್ಲ. ಕೋಟೆಯ ಗೋಡೆಯ ನೆರಳಿನಲ್ಲಿ ಎಣ್ಣೆಯಲ್ಲಿ ಕರಿದ ಖಾರದ ಸಂಬೂಸೆ. ಮೀನುಗಾರರ ಕೇರಿಯಲ್ಲಿ ಹುಣಸೆ, ಕೊತ್ತಂಬರಿ ಹಾಕಿ ಹುರಿದ ಶಾರ್ಕ್ ಮೀನಿನ ಪುಡಿ. ಅದನ್ನು ಮಾಡುತ್ತಿದ್ದ ಮನೆಯವರು ಬಾಗಿಲ ಮೇಲೆ ಬೋರ್ಡು ಹಾಕಿರಲಿಲ್ಲ. ಒಳಗೆ ಹೋಗಿ ಚಾಪೆಯ ಮೇಲೆ ಕುಳಿತರೆ ಊಟ ಬರುತ್ತಿತ್ತು. ಆಚೆ ಬೆಳ್ಳಿಮರಳಿನ ತೀರದಲ್ಲಿ ಸಿಗಡಿ ಅನ್ನ, ಖರ್ಜೂರದ ಸಿಹಿ, ಚಹಾ. ಕಡೆಗೆ ದ್ವೀಪದ ತುದಿಯಲ್ಲಿ ಕೆಂಡದ ಮೇಲೆ ಸುಟ್ಟ ಅಂಜಲ್ ಮೀನು. ಗಾಳಿ ಬದಲಾದರೆ ಕ್ರಮವೂ ಬದಲಾಗುತ್ತಿತ್ತು. ಒಂದು ಚಳಿಗಾಲದಲ್ಲಿ ಉತ್ತರದ ಗಾಳಿ ಎದ್ದು ಮೂರು ದಿನ ಒಂದೂ ದೋಣಿ ಮೀನಿಗೆ ಹೋಗದಿದ್ದಾಗ, ಸಫೂರಾ ದಕ್ಕೆಯ ಮೇಲೆ ನಿಂತು ಬಂದವರಿಗೆಲ್ಲ ಇಲ್ಲಿ ಈವತ್ತು ಮೀನು ತಿನ್ನಬೇಡಿ, ಮೊಟ್ಟೆ ತಿನ್ನಿ, ಇಲ್ಲವೇ ಬಂದರ್ ಅಬ್ಬಾಸಿಗೆ ವಾಪಸು ಹೋಗಿ ಎಂದಳು. ಹೋಟೆಲಿನವರು ವಾರಗಟ್ಟಲೆ ಅವಳ ಜೊತೆ ಮಾತು ಬಿಟ್ಟರು. ಆದರೆ ಅಂದಿನಿಂದ ಬಂದರಿನ ದೋಣಿಯವರೇ ಪ್ರಯಾಣಿಕರಿಗೆ ಹೇಳತೊಡಗಿದರು: ಇಳಿದ ಮೇಲೆ ಕೆಂಪು ಬಂಡಿಯ ಹೆಂಗಸನ್ನು ಕೇಳಿ.

ಈ ಹೆಸರು ಸುಲಭಕ್ಕೆ ಬಂದದ್ದಲ್ಲ. ಸಫೂರಾಳಿಗೆ ಹದಿನೇಳಾದಾಗ ತಾಯಿ ತೀರಿಕೊಂಡಳು. ತಮ್ಮ ಘಂಬರ್ ಮೂರು ವರ್ಷದವನು. ಅವನಿಗೆ ಹತ್ತು ತುಂಬುವವರೆಗೆ ಮದುವೆಯಾಗುವುದಿಲ್ಲವೆಂದು ಅವಳು ಹೇಳಿದಳು, ಹಾಗೆಯೇ ನಡೆದುಕೊಂಡಳು. ಎಂಜಿನ್ ರಿಪೇರಿಯ ಮುರಾದ್ ಅಷ್ಟು ವರ್ಷ ಕಾದ. ಜೀವಮಾನದಲ್ಲಿ ತಾನು ಮಾಡಿದ ದೊಡ್ಡ ಕೆಲಸ ಅದೊಂದೇ ಎಂದು ಅವನು ಈಗಲೂ ಹೇಳಿಕೊಳ್ಳುತ್ತಿದ್ದ. ಅವನ ಮಂಡಿ ಕೆಟ್ಟು ಕೆಲಸ ಕಡಿಮೆಯಾದಾಗ, ರಿಪೇರಿಗೆ ಬಂದು ಯಾರೂ ಒಯ್ಯದೆ ಬಿಟ್ಟಿದ್ದ ಬಂಡಿಯನ್ನು ಸಫೂರಾ ತಾನೇ ಓಡಿಸಲು ಕಲಿತಳು. ಮೊದಲ ತಿಂಗಳು ಗಂಡಸರು ದಾರಿಯ ಬದಿಗೆ ಹಾರಿ ನಿಂತು, ಜೀವ ಉಳಿಯಿತೆಂದು ಎದೆ ಮುಟ್ಟಿಕೊಂಡು ನಕ್ಕರು. ಎರಡನೆಯ ತಿಂಗಳು ಅವರ ಹೆಂಡತಿಯರೇ ಅವಳ ಬಂಡಿ ಹತ್ತಿದರು. ಅಲ್ಲಿಗೆ ನಗು ನಿಂತಿತು.

ಆ ವರ್ಷ ಚಳಿ ಇಳಿಯುವ ಹೊತ್ತಿಗೆ ದ್ವೀಪದ ಪಂಚಾಯಿತಿ ಒಂದು ತೀರ್ಮಾನ ಮಾಡಿತು. ನವ್‌ರೋಜ್ ಹೊಸ ವರ್ಷದ ಹಬ್ಬಕ್ಕೆ ಸಾವಿರಾರು ಜನ ಬರುತ್ತಾರೆ. ದಕ್ಕೆಯ ಬಾಯಲ್ಲಿ ದೊಡ್ಡದೊಂದು ಫಲಕ ನಿಲ್ಲಿಸಬೇಕು. ತೀರದುದ್ದಕ್ಕೆ ಎಲ್ಲಿ ಏನು ತಿನ್ನಬೇಕೆಂದು ಅದರಲ್ಲಿ ಬರೆಸಬೇಕು. ಬರೆಯುವ ಕೆಲಸ ಇದ್ರೀಸನಿಗೆ ಬಿತ್ತು. ಅವನು ಶಾಲೆಯಲ್ಲಿ ಮಾಸ್ತರನಾಗಿದ್ದವನು, ಅಕ್ಷರ ಚೆನ್ನಾಗಿತ್ತು. ಅವನು ನೇರವಾಗಿ ಸಫೂರಾಳ ಅಂಗಳಕ್ಕೆ ಬಂದ.

"ಪಂಚಾಯ್ತಿಯ ನಾವು ಐದು ಜನ ಕೂತ್ರೆ ಐದು ಪಟ್ಟಿ ಆಗುತ್ತೆ, ಸಫೂರಾ. ನೀನು ಹೇಳು, ನಾನು ಬರೀತೀನಿ. ನಿನ್ನ ಮಾತಾದ್ರೆ ಜಗಳ ಆಗಲ್ಲ."

"ನನ್ನ ತಮ್ಮಂದೂ ಒಂದು ಹೋಟ್ಲಿದೆ. ಗೊತ್ತು ತಾನೆ?"

"ಗೊತ್ತಿದ್ದೇ ಕೇಳ್ತಿರೋದು."

ಸಫೂರಾ ಒಪ್ಪಿದಳು. ಆದರೆ ಹಳೆಯ ನೆನಪಿನ ಮೇಲೆ ಹೇಳುವುದಿಲ್ಲ, ಎಲ್ಲ ಕಡೆ ಇನ್ನೊಮ್ಮೆ ಕುಳಿತು ತಿಂದೇ ಹೇಳುತ್ತೇನೆ ಎಂದಳು. ಹೇಳದೆ ಹೋಗಿ ತಿನ್ನಬೇಕು ಎನ್ನುವುದು ಅವಳ ಲೆಕ್ಕ. ಅವಳ ಬಂಡಿಯ ಸದ್ದು ದ್ವೀಪದ ಪ್ರತಿಯೊಂದು ಅಡುಗೆಮನೆಗೂ ಪರಿಚಿತವಾದ್ದರಿಂದ ಅವಳು ನಡೆದೇ ಹೋಗಬೇಕಾಯಿತು. ಹನ್ನೆರಡು ದಿನ ನಡೆದಳು. ಮುರಾದ್ ದಿನಾ ಸಂಜೆ ಅವಳ ಕಾಲಿಗೆ ಎಣ್ಣೆ ಹಚ್ಚುತ್ತ, ಬಂಡಿಯ ಗಾಲಿಗೂ ಇಷ್ಟು ಎಣ್ಣೆ ಖರ್ಚಾಗುತ್ತಿರಲಿಲ್ಲ ಎಂದ.

ಅವಳ ಪರೀಕ್ಷೆ ದ್ವೀಪದ ಎಲ್ಲರಿಗೂ ಗೊತ್ತಿದ್ದದ್ದೇ. ಮೀನು ಚೆನ್ನಾಗಿದ್ದರೆ ಅದು ಕಡಲಿನ ಹಿರಿಮೆ, ಅಡುಗೆಯವನದಲ್ಲ. ಅಡುಗೆಯವನ ಕೈ ಗೊತ್ತಾಗುವುದು ಸೂರಾಖಿನಲ್ಲಿ. ಬೂತಾಯಿ ಮೀನನ್ನು ಉಪ್ಪಿನಲ್ಲಿಟ್ಟು, ತೊಳೆದು, ಕೆಂಪು ಗುಡ್ಡದ ಮಣ್ಣನ್ನು ಬಟ್ಟೆಯಲ್ಲಿ ಮೂರು ಸಲ ಸೋಸಿ ಬೆರೆಸಿ, ಒಣಗಿದ ಕಿತ್ತಳೆ ಸಿಪ್ಪೆ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ತಿಂಗಳುಗಟ್ಟಲೆ ಬಿಸಿಲಿಗೆ ಇಟ್ಟರೆ ಸೂರಾಖ್ ಆಗುತ್ತದೆ. ಒಂದೊಂದು ಮನೆಯದಕ್ಕೆ ಒಂದೊಂದು ರುಚಿ. ಸಫೂರಾ ಅದನ್ನು ಮೊಟ್ಟೆ, ಬೆಣ್ಣೆ ಯಾವುದೂ ಇಲ್ಲದೆ ಬರಿಯ ರೊಟ್ಟಿಗೆ ಸವರಿ ತಿನ್ನುತ್ತಿದ್ದಳು. ಮೂರು ತುತ್ತು, ಅಷ್ಟೇ.

ಘಂಬರನ ಹೋಟೆಲಿಗೆ ಅವಳು ಕೊನೆಯಲ್ಲಿ ಹೋದಳು. ಕೋಟೆ ದಾಟಿದ ಮೇಲೆ, ಕಡಲು ಕಾಲಬುಡಕ್ಕೇ ಬರುವ ಜಾಗದಲ್ಲಿ, ಅವನು ಹಿಂದಿನ ವರ್ಷವಷ್ಟೇ ನೀಲಿ ಕುರ್ಚಿಗಳನ್ನು ಹಾಕಿ ಅದನ್ನು ತೆರೆದಿದ್ದ. ದ್ವೀಪದಲ್ಲಿ ಅಂಥ ಜಾಗ ಇನ್ನೊಂದಿಲ್ಲ. ಅವನ ಹೆಂಡತಿ ಝರ್‌ಖಾತೂನ್ ಗಂಡನ ಅಕ್ಕನನ್ನು ಕಂಡು ಸಡಗರದಿಂದ ಸುಟ್ಟ ಮೀನು, ಹುರಿದ ಬೊಂಡಾಸು ಮೀನು, ಸಿಗಡಿ ಎಲ್ಲವನ್ನೂ ಮುಂದಿಟ್ಟಳು. ಎಲ್ಲವೂ ಸರಿಯಾಗಿತ್ತು, ಮೀನಂತೂ ತುದಿಯ ಹೋಟೆಲಿನದಕ್ಕಿಂತ ಒಂದು ಕೈ ಮೇಲು. ಸಫೂರಾಳ ಎದೆ ತುಂಬಿತು. ಆಮೇಲೆ ಅವಳು ಬರಿಯ ರೊಟ್ಟಿ ಕೇಳಿ, ಸೂರಾಖ್ ಸವರಿ ಬಾಯಿಗಿಟ್ಟಳು. ಎರಡನೆಯ ತುತ್ತು ತಿನ್ನಲಿಲ್ಲ.

"ಇದ್ರಲ್ಲಿ ಮಣ್ಣೆಲ್ಲಿ?"

ಘಂಬರ್ ಮೇಜು ಒರೆಸುತ್ತಲೇ ಇದ್ದ. "ಕೆಂಪಗಿದೆಯಲ್ಲ."

"ನನ್ನ ಬಂಡೀನೂ ಕೆಂಪಗಿದೆ. ನೆಕ್ಕಿ ನೋಡ್ತೀಯಾ?"

ಝರ್‌ಖಾತೂನ್ ಒಳಗೆ ಹೋದಳು. ಘಂಬರ್ ಕುರ್ಚಿ ಎಳೆದುಕೊಂಡು ಕುಳಿತ, ಹೇಳಿದ. ಹಿಂದಿನ ನವ್‌ರೋಜಿನಲ್ಲಿ, ಹೋಟೆಲು ತೆರೆದ ನಾಲ್ಕನೆಯ ದಿನ, ರಾಜಧಾನಿಯ ಕಡೆಯ ಒಂದು ಕುಟುಂಬ ಬಂದಿತ್ತು. ಹೆಂಗಸು ಸೂರಾಖ್ ಹಚ್ಚಿದ ರೊಟ್ಟಿಯನ್ನು ಚಪ್ಪರಿಸಿ ತಿನ್ನುತ್ತ ಇದರಲ್ಲಿ ಏನಿದೆ ಎಂದು ಕೇಳಿದ್ದಳು. ಅವನು ಹುರುಪಿನಿಂದ ಮೀನು, ಕಿತ್ತಳೆ ಸಿಪ್ಪೆ, ಗುಡ್ಡದ ಮಣ್ಣು ಎಂದಿದ್ದ. ಅವಳು ಬಾಯಲ್ಲಿದ್ದುದನ್ನು ಕಾಗದಕ್ಕೆ ಉಗುಳಿದಳು. ಅವಳ ಮಗಳು ನಗುತ್ತ ಫೋನು ಹಿಡಿದಳು.

"ಫೋನಲ್ಲಿ ನನ್ನ ಮುಖಾನೇ ತೋರಿಸ್ತಿದ್ಳು, ಅಕ್ಕ. ಮಣ್ಣು ತಿನ್ನೋ ಮನುಷ್ಯ ನೋಡಿ ಅಂತ."

"ನೀನೇನಂದೆ?"

"ತಮಾಷೆ ಮಾಡ್ದೆ ಅಷ್ಟೇ, ಮಣ್ಣೇನಿಲ್ಲ, ಅದು ಮಸಾಲೆ ಅಂದ್ಬಿಟ್ಟೆ. ಆಮೇಲೆ ಹಾಕೋದೇ ಬಿಟ್ಟೆ. ಮೆಣಸಿನ ಪುಡಿ, ಟೊಮೆಟೊ ಹಾಕ್ತೀನಿ. ಯಾರೂ ಏನೂ ಕೇಳಲ್ಲ, ತಟ್ಟೆ ಖಾಲಿ ಆಗುತ್ತೆ."

ಸಫೂರಾ ಕೈ ಒರೆಸಿಕೊಂಡಳು. "ಆ ಹುಡುಗಿ ನಕ್ಕಿದ್ದಕ್ಕೆ ನಾನೇನೂ ಅನ್ನಲ್ಲ. ಗೊತ್ತಿಲ್ದೋಳು. ಗೊತ್ತಿದ್ದೂ ನೀನು ಅಲ್ಲ ಅಂದೆಯಲ್ಲ."

ಆ ದಿನ ಅವಳು ಮನೆಗೆ ಸುತ್ತುದಾರಿಯಲ್ಲಿ ಹೋದಳು. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅವಳೇ ಆ ಕೆಂಪು ಗುಡ್ಡಕ್ಕೆ ಮಣ್ಣು ತರಲು ಹೋಗುತ್ತಿದ್ದಳು. ಅವನು ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಎರಡು ಏಟು ಕೊಟ್ಟು ಕೈ ಒರೆಸುತ್ತಿದ್ದಳು. ಅದನ್ನು ನೆನೆದು ಅವಳ ಮನಸ್ಸೇನೂ ಮೆತ್ತಗಾಗಲಿಲ್ಲ, ಸಿಟ್ಟು ಹೆಚ್ಚಾಯಿತು. ಹಾಗೆಂದು ಈ ತೀರ್ಮಾನ ಅವಳಿಗೆ ಹಗುರವೂ ಆಗಿರಲಿಲ್ಲ. ಅವನು ಇದ್ದಬದ್ದುದನ್ನೆಲ್ಲ ಆ ನೀಲಿ ಕುರ್ಚಿಗಳಿಗೆ ಸುರಿದಿದ್ದ. ಒಡಹುಟ್ಟಿದವಳೇ ಅವನ ಹೆಸರು ಬಿಟ್ಟರೆ ಅದು ಬರಿಯ ಫಲಕದ ಮಾತಾಗಿ ಉಳಿಯುವುದಿಲ್ಲ. ಅವನಲ್ಲಿ ಏನೋ ಕೆಟ್ಟದ್ದಿದೆ ಎಂದೇ ಊರು ತಿಳಿಯುತ್ತದೆ. ಬರೆಸಿದರೆ, ಉಳಿದ ಏಳು ಮನೆಗಳ ಬಗ್ಗೆ ಅವಳು ಹೇಳಿದ ಮಾತಿಗೂ ಬೆಲೆ ಇರುವುದಿಲ್ಲ.

ಮರುದಿನ ಇದ್ರೀಸನಿಗೆ ಏಳು ಹೆಸರು ಹೇಳಿದಳು; ಪ್ರತಿಯೊಂದರ ಮುಂದೆ ಅಲ್ಲಿ ತಿನ್ನಬೇಕಾದ್ದು ಏನು ಎಂದೂ ಹೇಳಿದಳು. ಅವನು ಬರೆದು ಮುಗಿಸಿ, ಪೆನ್ಸಿಲು ಕಿವಿಗೆ ಸಿಕ್ಕಿಸದೆ ಕಾದ.

"ಮುಗೀತು," ಎಂದಳು ಸಫೂರಾ.

ಸುದ್ದಿ ಮಧ್ಯಾಹ್ನದೊಳಗೆ ದ್ವೀಪ ಸುತ್ತಿತು. ಸಂಬೂಸೆಯವನು, ನನ್ನ ಹೆಸರು ಬರೆದು ಸ್ವಂತ ತಮ್ಮನದನ್ನು ಬಿಟ್ಟಳಲ್ಲ ಎಂದು ಖುಷಿಪಡುವುದೋ ಹೆದರುವುದೋ ತಿಳಿಯದೆ ಎಣ್ಣೆ ಬದಲಾಯಿಸಿದ. ಝರ್‌ಖಾತೂನ್ ದಾರಿಯಲ್ಲಿ ಸಿಕ್ಕರೆ ಸಲಾಮಿಗೆ ಉತ್ತರ ಕೊಡದೆ ಹೋಗತೊಡಗಿದಳು. ಕೆಲವರು ಇದು ನ್ಯಾಯ ಎಂದರು. ಹೆಚ್ಚಿನವರು, ಸಾಕಿ ಬೆಳೆಸಿದವಳಿಗೆ ಇಷ್ಟು ಕಲ್ಲುಮನಸ್ಸೇ ಎಂದರು.

ಮೂರನೆಯ ದಿನ ಘಂಬರ್ ಖಾಲಿ ಬೋಗುಣಿ ಹಿಡಿದು ಅಂಗಳಕ್ಕೆ ಬಂದ. ದ್ವೀಪದಲ್ಲಿ ಸೂರಾಖಿನ ಜಾಡಿ ಬರಿದಾದ ಮನೆಯವರು ಹತ್ತಿರದವರ ಮನೆಗೆ ಬೋಗುಣಿ ತರುತ್ತಾರೆ; ಬೋಗುಣಿಯನ್ನು ಬರಿದಾಗಿ ಕಳಿಸುವಂತಿಲ್ಲ, ಎಂಥ ವೈರಿಯಾದರೂ. ಸಫೂರಾ ತನ್ನ ಹಳೆಯ ಜಾಡಿಯಿಂದಲೇ ತುಂಬಿಸಿ ಕೊಟ್ಟಳು.

"ಹಬ್ಬದವರೆಗೆ ಇನ್ನೂ ನಾಲ್ಕು ಬೋಗುಣಿ ಕೊಡು," ಎಂದ ಘಂಬರ್. "ಮಣ್ಣಿರೋ ಸೂರಾಖ್ ಮೇಜಿನ ಮೇಲಿರುತ್ತೆ. ಹೆಸರು ಬರೆಸು. ಮುಗೀತಲ್ಲ?"

"ಇದು ನಿಮ್ಮ ಮನೇಲಿ ತಿನ್ನೋಕೆ ಕೊಟ್ಟಿದ್ದು. ಅತಿಥಿಗೆ ನಮ್ಮ ನಮ್ಮ ಮನೆ ಜಾಡೀದೇ ಇಡ್ಬೇಕು. ಅಮ್ಮ ಹೇಳಿದ್ದು ಮರ್ತುಹೋಯ್ತಾ?"

"ಅಮ್ಮನ ಮಾತು ನಂಗೆ ಹೇಗೆ ನೆನಪಿರುತ್ತೆ? ಮೂರು ವರ್ಷ ನಂಗೆ."

"ಸರಿ, ನಾನು ಹೇಳಿದ್ದು ಅಂತಾನೇ ಇಟ್ಕೋ."

"ಅಕ್ಕ, ನನ್ನ ಅನ್ನಕ್ಕೆ ಮಣ್ಣು ಹಾಕ್ತಿದೀಯ."

"ಅನ್ನಕ್ಕೆ ಬೇಡ. ಸೂರಾಖಿಗೆ ಹಾಕು ಅಂದಿದ್ದು."

ಒಳಗಿದ್ದ ಮುರಾದ್ ನಕ್ಕುಬಿಟ್ಟ. ಅದು ಆಗಬಾರದಿತ್ತು. ಘಂಬರ್ ತುಂಬಿದ ಬೋಗುಣಿಯನ್ನು ಮೆಟ್ಟಿಲ ಮೇಲಿಟ್ಟು, ಒಯ್ಯದೆ ಹೊರಟುಹೋದ. ಅದಕ್ಕಿಂತ ದೊಡ್ಡ ಅವಮಾನ ಆ ದ್ವೀಪದಲ್ಲಿ ಇನ್ನೊಂದಿಲ್ಲ. ಸಫೂರಾ ಬೋಗುಣಿಯನ್ನು ಒಳಗೆ ತಂದು, ಜಾಡಿಗೆ ಮರಳಿ ಸುರಿದು, ತೊಳೆದು ಕವುಚಿ ಹಾಕಿದಳು. ಗಂಡನ ಜೊತೆ ಆ ರಾತ್ರಿ ಊಟಕ್ಕೆ ಕೂರಲಿಲ್ಲ.

ಹಬ್ಬಕ್ಕೆ ವಾರವಿರುವಾಗ ಫಲಕ ನಿಂತಿತು. ನೀಲಿ ಬಣ್ಣದ ಮೇಲೆ ಬಿಳಿಯ ಅಕ್ಷರ, ದಕ್ಕೆಯಿಂದ ತುದಿಯವರೆಗೆ ದಾರಿಯ ಕ್ರಮದಲ್ಲೇ ಏಳು ಸಾಲು. ಜನ ದೋಣಿಯಿಂದ ಇಳಿದು ಅದರ ಮುಂದೆ ಗುಂಪಾಗಿ ನಿಂತು ಓದಿದರು, ಫೋಟೊ ತೆಗೆದುಕೊಂಡರು. ಬೀಬಿ ಹವ್ವಾಳ ಹಿಟ್ಟು ಒಂಬತ್ತಕ್ಕೇ ಮುಗಿಯತೊಡಗಿತು. ಅವಳು ಫಲಕ ಬರೆದವನನ್ನು ಬೈಯುತ್ತ ರೊಟ್ಟಿ ಬಳಿದಳು.

ನೀಲಿ ಕುರ್ಚಿಗಳ ಹೋಟೆಲು ಫಲಕದಲ್ಲಿ ಇಲ್ಲದಿದ್ದರೂ ದಾರಿಯಿಂದ ಕಾಣುತ್ತಿತ್ತು. ಸಫೂರಾಳ ಬಂಡಿಯಲ್ಲಿದ್ದವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು: ಅಲ್ಲಿ ಚೆನ್ನಾಗಿಲ್ಲವೇ? ಅವಳು ಬಂಡಿ ನಿಧಾನ ಮಾಡದೆ ಒಂದೇ ಉತ್ತರ ಕೊಡುತ್ತಿದ್ದಳು: ಮೀನು ಈ ದ್ವೀಪದಲ್ಲೇ ಒಳ್ಳೆಯದು, ಸೂರಾಖ್ ಕೇಳಬೇಡಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಂಥವರಲ್ಲಿ ಕೆಲವರು ಅಲ್ಲೇ ಇಳಿದು, ಮೀನು ತಿಂದು, ನಿಮ್ಮಲ್ಲಿ ಸೂರಾಖ್ ಕೇಳಬಾರದಂತೆ, ಯಾಕೆ ಎಂದು ಘಂಬರನನ್ನೇ ಕೇಳಿದರು. ಫಲಕದಲ್ಲಿ ಹೆಸರಿಲ್ಲದ್ದು ಅವನನ್ನು ಅಷ್ಟು ಚುಚ್ಚಲಿಲ್ಲ. ದಿನವೂ ಕೇಳಬೇಕಾದ ಈ ಪ್ರಶ್ನೆ ಚುಚ್ಚಿತು.

ಹಬ್ಬ ಮುಗಿದು ಜನ ಕಡಿಮೆಯಾದ ಮೇಲೆ ಒಂದು ದಿನ ಮುರಾದ್ ಹೊರಗಿನಿಂದ ಬಂದವನು, ನೀರು ಕುಡಿಯುವ ಮೊದಲೇ, ಘಂಬರನ ಛಾವಣಿಯ ಮೇಲೆ ಆರು ಜಾಡಿ ಕಂಡೆ ಎಂದ.

"ಬಾಯಿಗೆ ಏನು ಕಟ್ಟಿದಾನೆ?" ಎಂದು ಕೇಳಿದಳು ಸಫೂರಾ.

"ಬಟ್ಟೆ."

ಅವಳು ಮುರಾದನಿಗೆ ಆವತ್ತು ಊಟಕ್ಕೆ ಎರಡು ಮೀನು ಬಡಿಸಿದಳು.

ಬೇಸಿಗೆ ಏರಿತು. ದೋಣಿಗಳು ಅರ್ಧ ಖಾಲಿ ಬರತೊಡಗಿದವು. ಒಂದು ಮಧ್ಯಾಹ್ನ ಶಿರಾಜಿನ ಕಡೆಯ ಐದು ಜನ ಸಫೂರಾಳ ಬಂಡಿ ಹತ್ತಿದರು: ಗಂಡ ಹೆಂಡತಿ, ಇಬ್ಬರು ಬೆಳೆದ ಮಕ್ಕಳು, ಒಬ್ಬ ಮುದುಕ. ಮುದುಕನಿಗೆ ಬಿಸಿಲು ತಡೆಯದೆ, ಹತ್ತಿರದಲ್ಲಿ ಎಲ್ಲಾದರೂ ನೆರಳಿಗೆ ಕೂರಿಸಿ ಎಂದರು. ಹತ್ತಿರದ ನೆರಳು ಘಂಬರನದು. ಅವಳು ಅಲ್ಲೇ ನಿಲ್ಲಿಸಿ, ಅವರನ್ನು ಒಳಗೆ ಕಳಿಸಿ, ತಾನು ಬಂಡಿಯ ಪಕ್ಕದಲ್ಲಿ ನಿಂತಳು. ಒಳಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಆದರೆ ತಟ್ಟಿಯ ಗೋಡೆ ತೆಳುವಾಗಿತ್ತು.

ಮೀನು ಬಂತು, ರೊಟ್ಟಿ ಬಂತು. ಚಮಚದ ಸದ್ದಿನ ನಡುವೆ ಹೆಂಗಸಿನ ದನಿ ಕೇಳಿತು, ಈ ಕೆಂಪನೆಯದು ಏನು ಎಂದು. ಸಫೂರಾ ಬಂಡಿಯ ಹಿಡಿಕೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ, ಹಿಡಿಕೆ ಸುಡುತ್ತಿದ್ದರೂ.

"ಸೂರಾಖ್. ಬೂತಾಯಿ ಮೀನು, ಕಿತ್ತಳೆ ಸಿಪ್ಪೆ, ಮಣ್ಣು," ಎಂದ ಘಂಬರ್.

"ಮಣ್ಣಾ?"

"ಮಣ್ಣೇ. ಅಲ್ಲಿ ಕಾಣ್ತಿದೆಯಲ್ಲ, ಆ ಗುಡ್ಡದ್ದು. ನಾನೇ ಹೊತ್ಕೊಂಡು ಬಂದು ಸೋಸಿದ್ದು. ಇಲ್ಲಿ ಎಲ್ರೂ ಅದನ್ನ ತಿಂದೇ ದೊಡ್ಡೋರಾಗಿರೋದು. ಬೇಡ ಅನ್ಸಿದ್ರೆ ಬಿಡಿ, ಮೀನು ತಿನ್ನಿ. ಆದ್ರೆ ಬೋಗುಣಿ ಮೇಜಿನ ಮೇಲೇ ಇರುತ್ತೆ."

ಮಕ್ಕಳಲ್ಲಿ ಒಬ್ಬಳು ರೊಟ್ಟಿಯನ್ನು ತಟ್ಟೆಗೆ ಇಳಿಸಿದ ಸದ್ದಾಯಿತು. ಯಾರೋ ಮೆಲ್ಲಗೆ ನಕ್ಕರು. ಘಂಬರ್ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ ಮುದುಕನು ಬೋಗುಣಿಯನ್ನು ಇತ್ತ ತಳ್ಳು ಎಂದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ರೊಟ್ಟಿ ಕೇಳಿದ.

ಸಫೂರಾ ಆಗ ಒಳಗೆ ಹೋದಳು. ಬಾಗಿಲ ಪಕ್ಕದ ಮೇಜಿಗೆ ಕುಳಿತು ಬರಿಯ ರೊಟ್ಟಿ ಕೇಳಿದಳು. ಝರ್‌ಖಾತೂನ್ ತಂದಿಟ್ಟಳು. ಮೂರು ತುತ್ತು ತಿಂದಳು. ಘಂಬರ್ ಕೈಕಟ್ಟಿ ನಿಂತಿದ್ದ. ನಲವತ್ತೆರಡು ವರ್ಷದ ಗಂಡಸು, ಮೀಸೆಯಲ್ಲಿ ನರೆ.

"ಸಿಪ್ಪೆ ಜಾಸ್ತಿ ಆಯ್ತು," ಎಂದಳು.

"ಹೌದು. ಮುಂದಿನ ಜಾಡೀಲಿ ಸರಿ ಮಾಡ್ತೀನಿ."

"ಮಣ್ಣು ಯಾವ ಕಡೇದು?"

"ನೆರಳಿನ ಬದೀದು. ನೀನು ಕರ್ಕೊಂಡು ಹೋಗ್ತಿದ್ದ ಕಡೆ."

ಅವಳು ನಾಲ್ಕನೆಯ ತುತ್ತು ತಿಂದಳು. ದ್ವೀಪದ ಯಾವ ಮೇಜಿನಲ್ಲೂ ಅವಳು ಎಂದೂ ಹಾಗೆ ಮಾಡಿದ್ದಿಲ್ಲ. ಆಮೇಲೆ ಎದ್ದು, ಶಿರಾಜಿನವರನ್ನು ಬಂಡಿ ಹತ್ತಿಸಿಕೊಂಡು ಹೊರಟಳು.

ಅಂದೇ ಇದ್ರೀಸನ ಮನೆಯ ಮುಂದೆ ಬಂಡಿ ನಿಲ್ಲಿಸಿದಳು. ಅವನು ಕೇಳಿ, ಸಂತೋಷ, ಫಲಕದ ಕೆಳಗೆ ಒಂದು ಗೇಣು ಜಾಗ ಇದೆ, ಅಲ್ಲಿ ಚಿಕ್ಕದಾಗಿ ಸೇರಿಸಿಬಿಡುತ್ತೇನೆ ಎಂದ. ಸಫೂರಾ ಒಪ್ಪಲಿಲ್ಲ. ಹೆಸರುಗಳು ದಾರಿಯ ಕ್ರಮದಲ್ಲಿವೆ. ಘಂಬರನದು ಕೋಟೆಯ ಸಂಬೂಸೆಗೂ ಮೀನುಗಾರರ ಕೇರಿಗೂ ನಡುವೆ ಬರುತ್ತದೆ. ಕೆಳಗೆ ಬರೆದರೆ ಓದಿದವನು ಹಸಿದುಕೊಂಡು ತುದಿಯವರೆಗೆ ಹೋಗಿ ವಾಪಸು ಬರಬೇಕಾಗುತ್ತದೆ. ಹಾಗಾದರೆ ಇಡೀ ಫಲಕಕ್ಕೆ ಮತ್ತೆ ಬಣ್ಣ ಬಳಿಯಬೇಕಲ್ಲ ಎಂದ ಇದ್ರೀಸ್. ಬಳಿ ಎಂದಳು. ಈ ಬಿಸಿಲಲ್ಲೇ ಎಂದ. ಬಿಸಿಲಲ್ಲಿ ಬೇಗ ಒಣಗುತ್ತದೆ ಎಂದಳು.

ಎರಡು ದಿನದಲ್ಲಿ ನೀಲಿ ಒಣಗಿತು. ಮೂರನೆಯ ದಿನ ಬೆಳಿಗ್ಗೆ ಇದ್ರೀಸ್ ಏಣಿ ಹತ್ತಿದ. ಕೆಳಗೆ ಏಣಿ ಹಿಡಿದದ್ದು ಘಂಬರ್. ಸಫೂರಾ ತನ್ನ ಬಂಡಿಗೆ ಒರಗಿ ನಿಂತು ಸಾಲು ವಾಲಿದರೆ ಹೇಳುತ್ತಿದ್ದಳು. ಮೂರನೆಯ ಸಾಲಿನಲ್ಲಿ ಘಂಬರನ ಹೆಸರು ಬರೆದಾದ ಮೇಲೆ ಇದ್ರೀಸ್ ಕೆಳಗೆ ನೋಡಿ, ಇವನ ಮುಂದೆ ಏನು ಬರೆಯಲಿ, ಸುಟ್ಟ ಮೀನು ತಾನೆ ಎಂದು ಅವಳನ್ನು ಕೇಳಿದ. ಅವಳು ಹೌದೆಂದಳು.

"ಬೇಡ ಮಾಸ್ತರೇ," ಎಂದ ಘಂಬರ್. "ಸೂರಾಖ್ ಅಂತ ಬರೀರಿ. ಗುಡ್ಡದ ಮಣ್ಣು ಹಾಕಿದ್ದು ಅಂತಾನೂ ಸೇರಿಸಿ. ದೊಡ್ಡದಾಗಿ."

ಇದ್ರೀಸ್ ಸಫೂರಾಳ ಕಡೆ ನೋಡಿದ. ಅವಳು ತಮ್ಮನನ್ನು ಒಂದು ಕ್ಷಣ ನೋಡಿ, ಅವನು ಹೇಳಿದ ಹಾಗೆ ಬರೆ ಎಂದಳು. ಅಕ್ಷರ ವಾಲಿದ್ದನ್ನು ಆ ಸಾಲಿನಲ್ಲಿ ಅವಳು ಗಮನಿಸಲಿಲ್ಲ; ಇಂದಿಗೂ ಅದು ವಾಲಿಕೊಂಡೇ ಇದೆ.

ಮೊದಲ ದೋಣಿ ಬರುವ ಹೊತ್ತಿಗೆ ಬೀಬಿ ಹವ್ವಾ ಕಾವಲಿ ಬಿಟ್ಟು ಎದ್ದುಬಂದು, ಓದಲು ಬಾರದ ಕಾರಣ ಏನು ಬರೆದಿದ್ದೀಯ ಎಂದು ಓದಿಸಿಕೊಂಡಳು. ಎಲ್ಲ ಕೇಳಿ, ತನ್ನ ಸೂರಾಖಿನಲ್ಲೇನು ಮಣ್ಣಿಲ್ಲವೇ, ನಿನ್ನೆ ಮೊನ್ನೆಯ ಹೋಟೆಲಿನವನದರಲ್ಲಿ ಮಾತ್ರ ಇದೆಯೇ ಎಂದು ಮುಸುಕಿನ ಒಳಗಿಂದಲೇ ಜೋರು ಮಾಡಿದಳು. ಸಂಜೆಯೊಳಗೆ ಮೀನುಗಾರರ ಕೇರಿಯವರೂ ಅದೇ ಮಾತು ಹಿಡಿದು ಬಂದರು. ಮಣ್ಣು ಎಂದು ತಮ್ಮ ಸಾಲಿನಲ್ಲೂ ಬರೆಯದಿದ್ದರೆ ಕೇರಿಯಿಂದ ತಂದಿದ್ದ ತಮ್ಮ ಏಣಿ ಇನ್ನು ಕೊಡುವುದಿಲ್ಲ ಎಂದರು. ಇದ್ರೀಸ್ ಬಿಳಿಯ ಬಣ್ಣದ ಡಬ್ಬಿ ಅಲ್ಲಾಡಿಸಿ ನೋಡಿದ, ತಳದಲ್ಲಿ ಸ್ವಲ್ಪವೇ ಇತ್ತು. ಬಂದರಿಗೆ ಹೋಗುವ ದೋಣಿಯವನನ್ನು ಕರೆದು, ಬರುವಾಗ ಇನ್ನೊಂದು ಡಬ್ಬಿ ತರಲು ಸಫೂರಾಳೇ ಹೇಳಿ ಕಳಿಸಿದಳು.